ಕೆರೆ ದಂಡೆಯ ಕಸ, ಮನೆಯೊಳಗಿನ ಕೆಮ್ಮು

ಪ್ರಶ್ನೆ: ಡಾಕ್ಟರೇ, ನಮ್ಮದು ಹೊಸಕೋಟೆ ಕಡೆಯ ಹಳ್ಳಿ. ಒಂದು ವರ್ಷದಿಂದ ರಾತ್ರಿ ಹೊತ್ತು ಟಿಪ್ಪರ್‌ಗಳು ಬಂದು ಕೆರೆ ದಂಡೆಯಲ್ಲಿ ಕಸ ಸುರಿದು ಹೋಗುತ್ತಿವೆ. ಬೆಳಗಾಗುವಷ್ಟರಲ್ಲಿ ಯಾರೋ ಅದಕ್ಕೆ ಬೆಂಕಿ ಹಚ್ಚಿರುತ್ತಾರೆ. ನಮ್ಮ ಅಮ್ಮನಿಗೆ 68 ವರ್ಷ, ತಿಂಗಳಿಂದ ಕೆಮ್ಮು. ಮೂರು ಸಲ ಸಿರಪ್ ಬದಲಾಯಿಸಿದ್ದಾಯಿತು. ಬೋರ್‌ವೆಲ್ ನೀರೂ ವಾಸನೆ ಹೊಡೆಯುತ್ತಿದೆ, ಕುದಿಸಿ ಕುಡಿದರೆ ಸಾಕೇ? ಮೊನ್ನೆ ಮಗ ಚೆಂಡು ತರಲು ಆ ಕಸದೊಳಗೆ ಹೋಗಿ ಕಾಲಿಗೆ ಸೂಜಿ ಚುಚ್ಚಿಸಿಕೊಂಡು ಬಂದ. ಟಿಟಿ ಹಾಕಿಸಿದ್ದೇವೆ. ಅಷ್ಟು ಸಾಕೇ?
– ಹೆಸರು ಬೇಡ

ಉತ್ತರ: ಮೊದಲು ಮಗನ ವಿಷಯ. ಟಿಟಿ ಹಾಕಿಸಿದ್ದು ಸರಿ, ಆದರೆ ಅಷ್ಟೇ ಸಾಲದು. ಬಿಸಾಡಿದ ಸೂಜಿಯಿಂದ ಎಚ್‌ಐವಿ ತಗಲುವ ಸಾಧ್ಯತೆ ತೀರಾ ಕಡಿಮೆ. ಹೆಪಟೈಟಿಸ್ ಬಿ ವೈರಾಣು ಮಾತ್ರ ಒಣಗಿದ ರಕ್ತದಲ್ಲೂ ಏಳು ದಿನ ಬದುಕಿರಬಲ್ಲದು. ಮಗನ ‘ತಾಯಿ ಕಾರ್ಡ್’ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೆಪಟೈಟಿಸ್ ಬಿ ಲಸಿಕೆ ಪೂರ್ತಿ ಆಗಿದೆಯೇ ನೋಡಿಸಿ. ರಕ್ತಪರೀಕ್ಷೆ ಈಗೊಮ್ಮೆ, ಮೂರು ತಿಂಗಳಾದ ಮೇಲೊಮ್ಮೆ, ಆರು ತಿಂಗಳಾದ ಮೇಲೊಮ್ಮೆ ಆಗಲಿ. ಉಳಿದ ಓದುಗರೂ ನೆನಪಿಡಿ: ಸೂಜಿ ಚುಚ್ಚಿದರೆ ಗಾಯ ಹಿಂಡಬೇಡಿ, ಹರಿಯುವ ನೀರಲ್ಲಿ ಸೋಪು ಹಚ್ಚಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆ ಬೇಕು ಎಂದು ಡಾಕ್ಟರು ಹೇಳಿದರೆ ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು.

ಇನ್ನು ಅಮ್ಮ. ಎರಡು ವಾರ ದಾಟಿದ ಕೆಮ್ಮಿಗೆ ಸಿರಪ್ ಬದಲಾಯಿಸುತ್ತಾ ಕೂರಬಾರದು. ಕಫ ಪರೀಕ್ಷೆ ಮಾಡಿಸಿ ಕ್ಷಯ ಇಲ್ಲವೆಂದು ಖಚಿತಪಡಿಸಿಕೊಳ್ಳಿ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಎದೆಯ ಎಕ್ಸ್‌ರೇ, ಊದಿಸಿ ನೋಡುವ ಪರೀಕ್ಷೆಯೂ ಆಗಲಿ. ಪ್ಲಾಸ್ಟಿಕ್ ಸುಟ್ಟ ಹೊಗೆಯ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ಮೂಗಿಗೆ ಅಡ್ಡ ಹಿಡಿದ ಸೆರಗು ಅವನ್ನು ತಡೆಯುವುದಿಲ್ಲ. ಹೊಗೆ ಇರುವಷ್ಟು ಹೊತ್ತು ಕೆರೆ ಕಡೆಯ ಕಿಟಕಿ ಮುಚ್ಚಿ, ಅಮ್ಮನ ಹಾಸಿಗೆ ಆಚೆ ಬದಿಯ ಕೋಣೆಗೆ ಹಾಕಿ. ಡಾಕ್ಟರು ಇನ್‌ಹೇಲರ್ ಬರೆದರೆ ‘ಅಭ್ಯಾಸವಾಗಿಬಿಡುತ್ತೆ’ ಎಂದು ಹೆದರಬೇಡಿ.

ನೀರಿನ ಮಾತು. ಕುದಿಸಿದರೆ ರೋಗಾಣು ಸಾಯುತ್ತವೆ. ಕಸದಿಂದ ಬಸಿದು ಬಂದ ನೈಟ್ರೇಟ್, ಸೀಸ ಹೋಗುವುದಿಲ್ಲ. ಸಾರು ಕುದಿದಷ್ಟೂ ಉಪ್ಪು ಏರುವ ಹಾಗೆ ಅವೂ ಏರುತ್ತವೆ. ಲೀಟರಿಗೆ 45 ಮಿಲಿಗ್ರಾಂ ದಾಟಿದ ನೈಟ್ರೇಟ್ ಇರುವ ನೀರಲ್ಲಿ ಕಲಸಿದ ಬಾಟಲಿ ಹಾಲು ಎಳೆಗೂಸಿಗೆ ಅಪಾಯ. ಗ್ರಾಮ ಪಂಚಾಯಿತಿ ಮೂಲಕ ನೀರನ್ನು ಪರೀಕ್ಷೆಗೆ ಕಳಿಸಿ. ಫಲಿತಾಂಶ ಬರುವವರೆಗೆ ಕುಡಿಯಲು, ಅಡುಗೆಗೆ ಬೇರೆ ಕಡೆಯ ನೀರು ತನ್ನಿ.

ನನ್ನ ಅನುಭವದಲ್ಲಿ ರೋಗಿಗಳು ‘ಕೆಮ್ಮು’ ಎಂದು ಹೇಳುತ್ತಾರೆ, ಕಸದ ಸುದ್ದಿ ಎತ್ತುವುದೇ ಇಲ್ಲ. ನೀವು ಹೇಳಿ. ಡಾಕ್ಟರಿಗೆ ಅದೂ ಒಂದು ಲಕ್ಷಣ. ಪಂಚಾಯಿತಿಗೂ ಹೇಳಿ: ಬಯಲಲ್ಲಿ, ನೀರಿನ ಮೂಲಗಳಲ್ಲಿ ಕಸ ಎಸೆಯುವುದನ್ನೂ ಸುಡುವುದನ್ನೂ 2016ರ ಘನತ್ಯಾಜ್ಯ ನಿಯಮಗಳೇ ನಿಷೇಧಿಸಿದ್ದವು. ಬೆಂಗಳೂರಿನ ಕಸ ಹೊತ್ತಿದ್ದ ಮಂಡೂರಿನವರು 2014ರಲ್ಲಿ ರಸ್ತೆಗಿಳಿದ ಮೇಲೆ ಸರ್ಕಾರ ಅಲ್ಲಿ ಸುರಿಯುವುದನ್ನು ನಿಲ್ಲಿಸುವ ಮಾತು ಕೊಡಬೇಕಾಯಿತು. ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಹೊಗೆ ಬಂದ ದಿನ ‘ಹೊ’, ಅಮ್ಮನಿಗೆ ಕೆಮ್ಮು ಜಾಸ್ತಿಯಾದ ದಿನ ‘ಕೆ’ ಎಂದು ಬರೆಯಿರಿ. ತಿಂಗಳಾದ ಮೇಲೆ ಆ ಹಾಳೆಯನ್ನು ಒಮ್ಮೆ ಡಾಕ್ಟರಿಗೆ ತೋರಿಸಿ, ಇನ್ನೊಮ್ಮೆ ಪಿಡಿಒ ಮೇಜಿನ ಮೇಲಿಡಿ.