ಮನೆಯಿಂದ ಹೊರಡುವ ನೀರು

ಮನೆಗೆ ನೀರು ಎಲ್ಲಿಂದ ಬರುತ್ತದೆಂದು ಎಲ್ಲರೂ ಕೇಳುತ್ತಾರೆ. ಅದು ಎಲ್ಲಿಗೆ ಹೋಗುತ್ತದೆಂದು ಕೇಳುವವರು ವಿರಳ. ಪಟ್ಟಣದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಲು ಪುರಸಭೆಯಿದೆ. ಹಳ್ಳಿಗಳಲ್ಲಿ ಒಳಚರಂಡಿ ಬಹುಮಟ್ಟಿಗೆ ಇಲ್ಲ. ಆದುದರಿಂದ ಅಲ್ಲಿ ಪ್ರತಿಯೊಬ್ಬ ಗೃಹಸ್ಥನೂ ತನ್ನ ಮನೆಯ ಮಟ್ಟಿಗೆ ತಾನೇ ಪುರಸಭೆಯಾಗಬೇಕು.

ಹಿಂದೆ ಬಾವಿಯಿಂದ ಸೇದಿ ಹೊತ್ತು ತಂದ ನೀರನ್ನು ಹಿಡಿತದಿಂದ ಬಳಸುತ್ತಿದ್ದರು. ಬಚ್ಚಲ ನೀರನ್ನು ಹಿತ್ತಲ ಬಾಳೆಯೇ ಕುಡಿದು ಮುಗಿಸುತ್ತಿತ್ತು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯ ಗುರಿ, ತಲೆಗೆ ದಿನಕ್ಕೆ 55 ಲೀಟರು ಕೊಳಾಯಿ ನೀರು. ಐವರ ಸಂಸಾರಕ್ಕೆ 275 ಲೀಟರು. ಇದರಲ್ಲಿ ಸುಮಾರು ಶೇಕಡ 80 ಭಾಗ ಹೊರಬೀಳುವುದೆಂದು ಇಂಜಿನಿಯರುಗಳ ಲೆಕ್ಕ. ಎಂದರೆ ದಿನಕ್ಕೆ 220 ಲೀಟರು. ಇದು ಬೀದಿಯಲ್ಲಿ ನಿಂತರೆ ಕೊಚ್ಚೆ. ಆನೆಕಾಲು ರೋಗವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಇಂತಹ ಕೊಚ್ಚೆಯೇ ತವರು.

ಮನೆಯಿಂದ ಹೊರಡುವ ನೀರು ಎರಡು ಬಗೆ: ಬಚ್ಚಲು, ಅಡಿಗೆಮನೆಗಳದು ಒಂದು, ಶೌಚಾಲಯದ್ದು ಇನ್ನೊಂದು. ಇವೆರಡನ್ನೂ ಬೆರೆಸದಿರುವುದೇ ಮೊದಲ ಪಾಠ.

ಬಚ್ಚಲ ನೀರಿಗೆ ಇಂಗುಗುಂಡಿ ಸಾಕು. ಉದ್ದ, ಅಗಲ, ಆಳಗಳಲ್ಲಿ 3 ಅಡಿಯ ಗುಂಡಿ ತೋಡಿ, ತಳದಲ್ಲಿ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು ತುಂಬಬೇಕು. ಅದಕ್ಕೆ ಮುಂಚೆ ಒಂದು ಪುಟ್ಟ ತೊಟ್ಟಿಯಿದ್ದರೆ ಅಗುಳು, ಜಿಡ್ಡು ಅಲ್ಲಿಯೇ ನಿಲ್ಲುತ್ತವೆ. ಎರೆಭೂಮಿಯಲ್ಲಿ ನೀರು ಬೇಗ ಇಂಗದು. ಅಲ್ಲಿ ಕೈತೋಟಕ್ಕೆ ಹರಿಸುವುದೇ ಮೇಲು.

ಶೌಚಾಲಯಕ್ಕೆ ಜೋಡಿಗುಂಡಿ ಸುಲಭವಾದ ಕ್ರಮ. ಆಳ 4 ಅಡಿ. ನೀರು ಇಂಗಲೆಂದು ಸುತ್ತುಗೋಡೆಯಲ್ಲಿ ತೂತುಗಳು. ತಳ ಬರಿಯ ಮಣ್ಣು. ಒಮ್ಮೆಗೆ ಒಂದೇ ಗುಂಡಿಯ ಬಳಕೆ. ಅದು ತುಂಬಿದಾಗ ಮುಚ್ಚಿ, ನೀರನ್ನು ಎರಡನೆಯದಕ್ಕೆ ತಿರುಗಿಸಬೇಕು. ಮುಚ್ಚಿದ ಗುಂಡಿಯನ್ನು 2 ವರ್ಷ ಮುಟ್ಟದೆ ಬಿಟ್ಟರೆ ರೋಗಾಣುಗಳು ಸತ್ತು ಅದು ಗೊಬ್ಬರವಾಗುತ್ತದೆ. ಕುಡಿಯುವ ನೀರಿನ ಬಾವಿಯಿಂದ ಗುಂಡಿ 10 ಮೀಟರಾದರೂ ದೂರವಿರಲಿ.

ಸೆಪ್ಟಿಕ್ ಟ್ಯಾಂಕು ಬೇರೆ. ಅದರ ತಳಕ್ಕೂ ಗೋಡೆಗೂ ಗಾರೆಯಿದ್ದು ನೀರು ಸೋರುವುದಿಲ್ಲ. ರೊಚ್ಚು ತಳದಲ್ಲಿ ನಿಲ್ಲುತ್ತದೆ, ಜಿಡ್ಡು ಮೇಲೆ ತೇಲುತ್ತದೆ. ನಡುವಿನ ನೀರು ಮಾತ್ರ ಇಂಗುಗುಂಡಿಗೆ ಹೋಗುತ್ತದೆ. ತಳದ ರೊಚ್ಚನ್ನು ಎರಡು ಮೂರು ವರ್ಷಕ್ಕೊಮ್ಮೆ ಯಂತ್ರದಿಂದ ಹೀರಿಸಬೇಕು. ಒಳಗಿನ ವಿಷಾನಿಲ ಕ್ಷಣದಲ್ಲಿ ಪ್ರಾಣ ತೆಗೆಯಬಲ್ಲದು. ರಕ್ಷಣಾ ಸಾಧನಗಳಿಲ್ಲದೆ ಅದನ್ನು ಮನುಷ್ಯನಿಂದ ಶುಚಿಮಾಡಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ.

ಈ ಪಾಠವನ್ನು ನಾನು ಮೊದಲು ಕಲಿತದ್ದು ಪುಸ್ತಕದಿಂದಲ್ಲ. 2018ರಲ್ಲಿ ನಮ್ಮ ಮನೆಗೆ ಶೌಚಾಲಯ ಬಂದಿತು. ಖರ್ಚು ಉಳಿಯಲೆಂದು ಒಂದೇ ಗುಂಡಿ ತೆಗೆಸಿ, ಬಚ್ಚಲ ನೀರನ್ನೂ ಅದಕ್ಕೇ ಬಿಟ್ಟೆವು. ಎರಡನೆಯ ಮಳೆಗಾಲದಲ್ಲಿ ಅದು ಉಕ್ಕಿ ಪಕ್ಕದವರ ಹಿತ್ತಲಿಗೆ ಹರಿಯಿತು. ವರ್ಷಗಳ ನಂಟು ಒಂದು ವಾರದಲ್ಲಿ ಕೆಟ್ಟಿತು. ಇಳಿದು ಬಾಚುವ ಆಳು ಸಿಗುತ್ತಾನೆಂದು ಊರವರೊಬ್ಬರು ಹೇಳಿದರು. ನಮ್ಮ ಅಪ್ಪ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರು, “ನಮ್ಮ ಮನೆ ಹೊಲಸಿಗೆ ಇನ್ನೊಬ್ಬರ ಮಗನನ್ನ ಇಳಿಸೋದೇ? ಬ್ಯಾಡ” ಎಂದು ತಾವೇ ಗುದ್ದಲಿ ಹಿಡಿದು ಎರಡನೆಯ ಗುಂಡಿ ತೋಡಿದರು. ಬಚ್ಚಲ ನೀರು ಬಾಳೆಯ ಕಡೆಗೆ ತಿರುಗಿತು. ಎರಡೂವರೆ ವರ್ಷದ ಮೇಲೆ ಹಳೆಯ ಗುಂಡಿ ತೆಗೆದಾಗ, ಅದರಲ್ಲಿದ್ದುದು ವಾಸನೆಯಿಲ್ಲದ ಕರಿಯ ಮಣ್ಣು. ಅದನ್ನು ತೆಂಗಿನ ಬುಡಕ್ಕೆ ಹಾಕಿದೆವು. ಆ ತೆಂಗಿನ ಕಾಯಿಯೊಂದನ್ನು ಅವ್ವ ಪಕ್ಕದ ಮನೆಗೆ ಕೊಟ್ಟು ಬಂದಳು. ಮಾತು ಮತ್ತೆ ಆರಂಭವಾಯಿತು.

ಕಣ್ಣಿಗೆ ಮರೆಯಾದ ಕೊಳೆ ಇಲ್ಲವಾಗುವುದಿಲ್ಲ. ಅದು ನೆರೆಯವರ ಬಾವಿಗೋ, ಬಡವನೊಬ್ಬನ ಕೈಗೋ ಸೇರುತ್ತದೆ. ಹಾಗೆ ಸೇರದಂತೆ ನೋಡಿಕೊಳ್ಳುವುದು ನಾಗರಿಕತೆಯ ಮೊದಲ ಲಕ್ಷಣ. ರಜೆಗೆ ಊರಿಗೆ ಹೋಗುವ ಸಹಪಾಠಿಗಳು ಒಮ್ಮೆ ತಮ್ಮ ಮನೆಯ ಹಿತ್ತಲಿಗೆ ಹೋಗಿ ನೋಡಲೆಂದು ನನ್ನ ವಿನಂತಿ.