ಹಾರ್ಡ್ ಡಿಸ್ಕ್ ಟಕ್‌ಗುಟ್ಟಿದಾಗ

ಲ್ಯಾಪ್‌ಟಾಪಿನ ಒಡಲಿನಿಂದ ‘ಟಕ್ ಟಕ್’ ಎಂಬ ಸದ್ದು ಎಡೆಬಿಡದೆ ಕೇಳಿಬರತೊಡಗಿದರೆ, ಇನ್ನೊಮ್ಮೆ ಆನ್ ಮಾಡಿ ನೋಡೋಣವೆಂಬ ಸಹಜ ಚಾಪಲ್ಯವನ್ನು ನಿಗ್ರಹಿಸಿ, ಒಡನೆಯೇ ಯಂತ್ರವನ್ನು ಆರಿಸಿಬಿಡುವುದು ಲೇಸು. ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯ ಮೇಲೆ, ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಿರಿದಾದ ಅಂತರದಲ್ಲಿ ತೇಲುತ್ತಿರಬೇಕಾದ, ದತ್ತಾಂಶವನ್ನು ಓದಿ ಬರೆಯುವ ಹೆಡ್ಡು ಆ ತಟ್ಟೆಗೆ ತಗುಲಿದ್ದ ಪಕ್ಷದಲ್ಲಿ, ನಮ್ಮ ಪ್ರತಿಯೊಂದು ಪ್ರಯತ್ನವೂ ದತ್ತಾಂಶವನ್ನು ಹೊತ್ತ ಕಾಂತೀಯ ಲೇಪವನ್ನೇ ಕೆರೆದು ಹಾಕೀತು. ಧೂಳಿನ ಕಣವೊಂದು ಅಲ್ಲಿ ಬಂಡೆಗೆ ಸಮಾನವಾದುದರಿಂದ, ಮನೆಯಲ್ಲಿ ಸ್ಕ್ರೂ ಬಿಚ್ಚುವುದಾಗಲಿ, ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುವುದೆಂಬ ಮಾತನ್ನು (ಅದೇಕೆ ಇನ್ನೂ ಬದುಕಿದೆಯೋ!) ನಂಬುವುದಾಗಲಿ ಸಲ್ಲದು. ದತ್ತಾಂಶವನ್ನು ಮರಳಿ ಪಡೆಯುವುದರಲ್ಲಿ ಪಳಗಿದವರಿಗೇ ಅದನ್ನೊಪ್ಪಿಸಿ.

ಸದ್ದೇನೂ ಇಲ್ಲದೆ ಕಡತಗಳು ಮಾತ್ರ ಅಳಿಸಿಹೋಗಿದ್ದರೆ, ಅವನ್ನು ಹುಡುಕುವ ತಂತ್ರಾಂಶವನ್ನು ಅದೇ ಡಿಸ್ಕಿಗೆ ತುಂಬದೆ, ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಮೊದಲು ಇಡಿಯಾಗಿ ಪ್ರತಿ ತೆಗೆದು, ಆ ಪ್ರತಿಯಲ್ಲಿಯೇ ಶೋಧಿಸತಕ್ಕದ್ದು. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಯಾದರೋ ಅಳಿಸಿದ ಜಾಗವನ್ನು ಟ್ರಿಮ್ ಆಜ್ಞೆಯ ಮೇರೆಗೆ ತಾನೇ ತೊಳೆದುಬಿಡುವುದುಂಟು. ಅಲ್ಲಿ ಆಸೆ ಕಡಿಮೆ.

ಅಂಗಡಿಯವನು ‘ಫಾರ್ಮ್ಯಾಟ್ ಮಾಡಿಕೊಡುತ್ತೇನೆ’ ಎಂದರೆ ಒಪ್ಪಬೇಡಿ. ಮುಂದಿನ ಲ್ಯಾಪ್‌ಟಾಪನ್ನು ಕೊಳ್ಳುವ ದಿನವೇ ಹೊರಗಣ ಡಿಸ್ಕೊಂದನ್ನೂ ಕೊಂಡು, ಮಕ್ಕಳ ಫೋಟೋಗಳ ಮತ್ತೊಂದು ಪ್ರತಿಯನ್ನು ಬೇರೆ ಊರಿನ ನೆಂಟರ ಕಪಾಟಿನಲ್ಲಿರಿಸಿ.