ಸ್ಕಿಜೋಫ್ರೀನಿಯಾ: ಮೊದಲ ಅನುಮಾನದಿಂದ ಮರಳಿ ದುಡಿಮೆಯವರೆಗೆ

ಡಿಗ್ರಿ ಓದುತ್ತಿದ್ದ ಹುಡುಗ ಎರಡು ತಿಂಗಳಿಂದ ಕಾಲೇಜಿನ ಕಡೆ ತಲೆ ಹಾಕಿಲ್ಲ. ರಾತ್ರಿಯಿಡೀ ಎಚ್ಚರ, ಹಗಲೆಲ್ಲ ಕೋಣೆಯ ಬಾಗಿಲು ಭದ್ರ. ಕಿಟಕಿಯ ಗಾಜಿಗೆ ಹಳೇ ಪೇಪರ್ ಅಂಟಿಸಿದ್ದಾನೆ. ಎದುರು ಮನೆಯವರು ತನ್ನನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಾರಂತೆ. ಒಬ್ಬನೇ ಕೂತು ಯಾರಿಗೋ ಉತ್ತರ ಕೊಡುತ್ತಾನೆ. ಅಮ್ಮ ಬಡಿಸಿದ ತಟ್ಟೆಯನ್ನು ಮೂಸಿ ನೋಡಿ ಪಕ್ಕಕ್ಕೆ ಸರಿಸುತ್ತಾನೆ. ಮನೆಯವರಿಗೆ ಮೊದಲು ಹೊಳೆಯುವುದು ‘ಸೋಮಾರಿತನ’. ಆಮೇಲೆ ‘ಯಾವುದೋ ಹುಡುಗಿಯ ವಿಚಾರ ಇರಬೇಕು’. ಅದೂ ಆದ ಮೇಲೆ ‘ಯಾರೋ ಮಾಟ ಮಾಡಿಸಿದ್ದಾರೆ’. ಹೀಗೆ ಒಂದು ಅನುಮಾನದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ವರ್ಷಗಳೇ ಕಳೆದುಹೋಗುತ್ತವೆ. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವಾಗುವ ಕಾಯಿಲೆ ಇದು. ಹಾಗಾಗಿ ಯಾವಾಗ ಏನು ಮಾಡಬೇಕು ಎಂಬುದನ್ನು ಮನೆಯವರಿಗೆ ಬೇಕಾದ ಕ್ರಮದಲ್ಲೇ ಇಲ್ಲಿ ಹೇಳಿದ್ದೇನೆ.

ಗಮನಿಸಿ, ಬರೆದಿಡಿ

ಸ್ಕಿಜೋಫ್ರೀನಿಯಾ ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಹೆಂಗಸರಲ್ಲಿ ಕೆಲವು ವರ್ಷ ತಡವಾಗಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಸಾವಿರ ಜನರಿರುವ ಹಳ್ಳಿಯಲ್ಲಿ ಸುಮಾರು ಮೂವರು ಇರಬಹುದು ಎಂದಾಯಿತು.

ಬೇರೆ ಯಾರಿಗೂ ಕೇಳದ ದನಿಗಳು ಕೇಳಿಸುವುದು, ಯಾರೋ ವಿಷ ಹಾಕುತ್ತಿದ್ದಾರೆ, ಟಿ.ವಿ.ಯಲ್ಲಿ ನನ್ನ ವಿಷಯವೇ ಬರುತ್ತಿದೆ, ನನ್ನ ಮನಸ್ಸಿನಲ್ಲಿರುವುದು ಊರಿಗೆಲ್ಲ ಗೊತ್ತಾಗುತ್ತಿದೆ ಎಂಬ ಅಲುಗಾಡದ ನಂಬಿಕೆ, ಒಂದಕ್ಕೊಂದು ಸಂಬಂಧವಿಲ್ಲದ ಮಾತು ಈ ಕಾಯಿಲೆಯ ಎದ್ದು ಕಾಣುವ ಲಕ್ಷಣಗಳು. ಸದ್ದಿಲ್ಲದೆ ಬರುವ ಇನ್ನೊಂದು ಗುಂಪಿದೆ: ಸ್ನಾನ ಬಿಡುವುದು, ಮಾತು ಕಡಿಮೆಯಾಗುವುದು, ಮುಖದಲ್ಲಿ ಭಾವನೆ ಇಲ್ಲದಾಗುವುದು, ಯಾವುದರಲ್ಲೂ ಆಸಕ್ತಿ ಉಳಿಯದಿರುವುದು. ಗಲಾಟೆ ಮಾಡುವವರನ್ನು ಹೇಗೋ ಆಸ್ಪತ್ರೆಗೆ ಕರೆತರುತ್ತಾರೆ. ಮೂಲೆ ಹಿಡಿದು ಕೂತವರು, ಅದರಲ್ಲೂ ಹೆಣ್ಣುಮಕ್ಕಳು, ಅಲ್ಲೇ ಉಳಿದುಬಿಡುತ್ತಾರೆ. ಯಾರಿಗೂ ತೊಂದರೆ ಕೊಡುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಅವರ ನೋವು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ ಇದು.

ಒಂದು ನೋಟ್‌ಬುಕ್ ಇಡಿ. ಬದಲಾವಣೆ ಯಾವಾಗ ಶುರುವಾಯಿತು, ನಿದ್ದೆ ಎಷ್ಟು, ಊಟ ಹೇಗೆ, ಗಾಂಜಾ ಅಥವಾ ಮದ್ಯದ ಅಭ್ಯಾಸ ಇದೆಯೇ, ಬಂಧುಗಳಲ್ಲಿ ಯಾರಿಗಾದರೂ ಹೀಗಾಗಿತ್ತೇ, ಎಲ್ಲವನ್ನೂ ತಾರೀಖಿನ ಜೊತೆ ಬರೆಯಿರಿ. ಸ್ಕಿಜೋಫ್ರೀನಿಯಾ ಇದೆ ಎಂದು ಖಚಿತವಾಗಿ ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಥೈರಾಯ್ಡ್, ಮೂರ್ಛೆರೋಗ, ಮಿದುಳಿನ ಸೋಂಕು, ಮಾದಕ ವಸ್ತುಗಳಿಂದಲೂ ಇಂಥದೇ ಲಕ್ಷಣಗಳು ಬರಬಹುದಾದ್ದರಿಂದ ಅವನ್ನು ತಳ್ಳಿಹಾಕಲು ಪರೀಕ್ಷೆಗಳನ್ನು ಮಾಡಿಸುತ್ತಾರೆ. ಉಳಿದದ್ದೆಲ್ಲ ವೈದ್ಯರು ಮಾತನಾಡಿಸಿ ತಿಳಿಯಬೇಕಾದದ್ದು. ಅಲ್ಲಿ ನಿಮ್ಮ ನೋಟ್‌ಬುಕ್ಕೇ ದೊಡ್ಡ ದಾಖಲೆ.

‘ಯಾಕೆ ಬಂತು?’

ಯಾವುದೋ ಒಂದೇ ಕಾರಣಕ್ಕೆ ಈ ಕಾಯಿಲೆ ಬರುವುದಿಲ್ಲ. ವಂಶವಾಹಿಗಳ ಪಾತ್ರ ದೊಡ್ಡದು: ತಂದೆ ಅಥವಾ ತಾಯಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಸುಮಾರು ಶೇ 10. ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಸುಮಾರು ಅರ್ಧದಷ್ಟು ಮಾತ್ರ. ವಂಶವಾಹಿಗಳು ಒಂದೇ ಆಗಿದ್ದೂ ಉಳಿದರ್ಧ ಅವಳಿಗಳು ಪಾರಾಗುತ್ತಾರಲ್ಲ, ಬೇರೆ ಕಾರಣಗಳೂ ಸೇರಬೇಕೆಂದು ಅದರಿಂದಲೇ ಗೊತ್ತಾಗುತ್ತದೆ. ಗರ್ಭದಲ್ಲಿದ್ದಾಗ ಅಥವಾ ಹೆರಿಗೆಯಲ್ಲಿ ಆದ ತೊಡಕು, ಹದಿಹರೆಯದಲ್ಲಿ ಗಾಂಜಾ ಸೇವನೆ, ತೀವ್ರ ಒತ್ತಡ ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಮಿದುಳಿನ ಡೋಪಮಿನ್ ಎಂಬ ರಾಸಾಯನಿಕದ ಕೆಲಸದಲ್ಲಿ ಏರುಪೇರಾಗುತ್ತದೆ. ತಾಯಿ ಮುದ್ದು ಮಾಡಿದ್ದಕ್ಕೋ ಅಪ್ಪ ಗದರಿದ್ದಕ್ಕೋ ಇದು ಬರುವುದಿಲ್ಲ. ತಪ್ಪು ಯಾರದೆಂದು ಮನೆಯೊಳಗೆ ವಿಚಾರಣೆ ನಡೆಸುವ ಶಕ್ತಿಯನ್ನು ಮುಂದಿನ ಹೆಜ್ಜೆಗೆ ಉಳಿಸಿಕೊಳ್ಳಿ.

ಎಲ್ಲಿಗೆ ಹೋಗಬೇಕು

ಮೊದಲ ಫೋನ್ ಟೆಲಿ ಮಾನಸ್‌ಗೆ ಮಾಡಿ, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸೇವೆ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತನಾಡಬಹುದು. ರೋಗಿ ಆಸ್ಪತ್ರೆಗೆ ಬರಲು ಒಪ್ಪದಿದ್ದಾಗ ಏನು ಮಾಡಬೇಕೆಂದು ಮನೆಯವರೂ ಇಲ್ಲಿ ಕೇಳಬಹುದು.

ಸೀದಾ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ರೂಪುಗೊಂಡದ್ದೇ ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ, ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದ. ಈಗ ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಅದರ ತಂಡವಿದೆ. ‘ಮನೋಚೈತನ್ಯ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಯುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಕಾಯಿಲೆ ಜಟಿಲವಾಗಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಬಿಪಿಎಲ್ ಕಾರ್ಡ್ ಕೈಯಲ್ಲಿಲ್ಲದಿದ್ದರೂ ಈ ಹಕ್ಕು ಇದೆ.

ದೇವರಿಗೆ ಹರಕೆ ಹೊತ್ತಿದ್ದರೆ ತೀರಿಸಿ, ದರ್ಗಾಕ್ಕೆ ಹೋಗಿ ಬನ್ನಿ. ಅದು ಮನೆಯವರಿಗೆ ಧೈರ್ಯ ಕೊಡುತ್ತದೆ ಎಂದಾದರೆ ಯಾವ ವೈದ್ಯರೂ ಬೇಡವೆನ್ನಬಾರದು. ಆದರೆ ಬರೆ ಹಾಕಿಸುವುದು, ಉಪವಾಸ ಕೆಡವುವುದು, ಸರಪಳಿ ಬಿಗಿಯುವುದು ಬೇಡವೇ ಬೇಡ. ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಅಸ್ವಸ್ಥರನ್ನು ಇರಿಸಿದ್ದ ಕಡೆ 2001ರ ಆಗಸ್ಟ್ 6ರ ಬೆಳಗಿನ ಜಾವ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ಕಾರಣ ಓಡಲಾಗದೆ 28 ಜನ ಸತ್ತರು. ಸರಪಳಿ ಬಿಗಿಯುವುದು ಈಗ ಕಾನೂನುಬಾಹಿರ.

ಮಾತ್ರೆ: ಗೆಲುವು ಸೋಲು ಇಲ್ಲೇ

ರಿಸ್ಪೆರಿಡೋನ್, ಒಲಾನ್ಜಪಿನ್, ಹ್ಯಾಲೊಪೆರಿಡಾಲ್ ಮುಂತಾದವು ಸಾಮಾನ್ಯವಾಗಿ ಬರೆದುಕೊಡುವ ಔಷಧಗಳು. ನಿದ್ದೆ, ಸಿಡುಕು ಕೆಲವೇ ದಿನಗಳಲ್ಲಿ ಸುಧಾರಿಸಬಹುದು. ದನಿಗಳು, ಅನುಮಾನಗಳು ತಗ್ಗಲು ವಾರಗಳೇ ಬೇಕು. ಹತ್ತು ದಿನಕ್ಕೆ ‘ಈ ಡಾಕ್ಟರ್ ಸರಿಯಿಲ್ಲ’ ಎಂದು ಇನ್ನೊಬ್ಬರ ಬಳಿ ಓಡಬೇಡಿ.

ಅತಿ ದೊಡ್ಡ ಅಪಾಯ ಬರುವುದು ಎಲ್ಲ ಸರಿಯಾದಾಗ. ಹುಡುಗ ನಗುತ್ತಾನೆ, ಗದ್ದೆಗೆ ಹೋಗಿ ಬರುತ್ತಾನೆ. ‘ಇನ್ನು ಯಾಕೆ ಮಾತ್ರೆ, ಕಿಡ್ನಿ ಹಾಳಾಗುತ್ತಂತೆ’ ಎಂದು ಯಾರೋ ನೆಂಟರು ಹೇಳುತ್ತಾರೆ. ಮಾತ್ರೆ ನಿಲ್ಲುತ್ತದೆ. ಮೊದಲ ಒಂದೆರಡು ತಿಂಗಳು ಏನೂ ಆಗುವುದಿಲ್ಲ, ಆ ಮೌನವೇ ಎಲ್ಲರನ್ನೂ ಮೋಸಗೊಳಿಸುತ್ತದೆ. 65 ಪ್ರಯೋಗಗಳನ್ನು ಒಟ್ಟುಗೂಡಿಸಿ 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸುಮಾರು ಒಂದು ವರ್ಷದಲ್ಲಿ ಔಷಧ ಮುಂದುವರಿಸಿದವರಲ್ಲಿ ಶೇ 27 ಮಂದಿಗೆ ಕಾಯಿಲೆ ಮರುಕಳಿಸಿದರೆ, ಔಷಧದ ಬದಲು ಬರಿಯ ಹುಸಿಮಾತ್ರೆ ಪಡೆದವರಲ್ಲಿ ಅದು ಶೇ 64. ಮೊದಲ ಸಲ ಕಾಯಿಲೆ ಬಂದವರೂ ಚೇತರಿಸಿಕೊಂಡ ಮೇಲೆ ಕನಿಷ್ಠ ಒಂದೆರಡು ವರ್ಷ ಔಷಧ ತೆಗೆದುಕೊಳ್ಳಬೇಕಾಗುತ್ತದೆ. ಮತ್ತೆ ಮತ್ತೆ ಬಂದವರು ಇನ್ನೂ ದೀರ್ಘಕಾಲ. ಕಡಿಮೆ ಮಾಡುವುದಿದ್ದರೆ ವೈದ್ಯರ ಕಣ್ಗಾವಲಿನಲ್ಲಿ, ನಿಧಾನವಾಗಿ.

ರೋಗಿ ಮಾತ್ರೆ ಬಿಡುವುದನ್ನು ಹಟ ಎಂದುಕೊಳ್ಳಬೇಡಿ. ಬಹಳ ಸಲ ಅಡ್ಡಪರಿಣಾಮ ತಡೆಯಲಾಗದೆ ಬಿಟ್ಟಿರುತ್ತಾರೆ. ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಒಂದು ಕಡೆ ಕೂರಲಾಗದೆ ಕಾಲು ಚಡಪಡಿಸುತ್ತದೆ, ತೂಕ ಏರುತ್ತದೆ, ಮುಟ್ಟು ನಿಲ್ಲುತ್ತದೆ, ಲೈಂಗಿಕ ಆಸಕ್ತಿ ಕುಗ್ಗುತ್ತದೆ. ಕೊನೆಯ ಎರಡನ್ನು ಸಂಕೋಚದಿಂದ ಯಾರೂ ಹೇಳಿಕೊಳ್ಳುವುದಿಲ್ಲ, ವೈದ್ಯರೂ ಕೇಳಿರುವುದಿಲ್ಲ. ನೀವೇ ಕೇಳಿ. ಪ್ರಮಾಣ ತಗ್ಗಿಸಬಹುದು, ಔಷಧ ಬದಲಿಸಬಹುದು. ತೂಕ, ಸೊಂಟದ ಸುತ್ತಳತೆ, ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್ ಇವನ್ನು ಔಷಧ ಶುರುವಾದಾಗ ಒಮ್ಮೆ, ಆಮೇಲೆ ಆಗಾಗ ನೋಡಿಸಲೇಬೇಕು, ಏಕೆಂದರೆ ಈ ಕಾಯಿಲೆ ಇರುವವರ ಆಯುಸ್ಸನ್ನು ಕಡಿಮೆ ಮಾಡುವುದರಲ್ಲಿ ಹೃದ್ರೋಗದ್ದು ದೊಡ್ಡ ಪಾಲು. ಬೀಡಿ ಸಿಗರೇಟು ಸೇದುವವರು ಅದನ್ನು ಬಿಡುವ ಮೊದಲು ವೈದ್ಯರಿಗೆ ತಿಳಿಸಲಿ. ಹೊಗೆ ನಿಂತರೆ ಒಲಾನ್ಜಪಿನ್, ಕ್ಲೋಜಪಿನ್ ಎಂಬ ಔಷಧಗಳ ಮಟ್ಟ ರಕ್ತದಲ್ಲಿ ಏರುತ್ತದೆ.

ದಿನವೂ ಮಾತ್ರೆಗಾಗಿ ಜಗಳವಾಗುತ್ತಿದ್ದರೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್ ಬಗ್ಗೆ ವಿಚಾರಿಸಿ. ಎರಡು ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ಕಾಲ ಕೊಟ್ಟೂ ಫಲ ಸಿಗದಿದ್ದರೆ ‘ಕ್ಲೋಜಪಿನ್ ಪ್ರಯತ್ನಿಸಬಹುದೇ?’ ಎಂದು ಕೇಳಿ. ಬಿಳಿ ರಕ್ತಕಣಗಳು ಕುಸಿಯುವ ಅಪಾಯ ಇರುವುದರಿಂದ ಮೊದಲ 18 ವಾರ ವಾರಕ್ಕೊಮ್ಮೆ ರಕ್ತಪರೀಕ್ಷೆ ಬೇಕು. ತೊಂದರೆಯೇನೋ ನಿಜ, ಆದರೆ ಬೇರೆ ಯಾವುದಕ್ಕೂ ಬಗ್ಗದ ಕಾಯಿಲೆಗೆ ಅದರಷ್ಟು ಕೆಲಸ ಮಾಡುವ ಔಷಧ ಇನ್ನೊಂದಿಲ್ಲ. ವೈದ್ಯರು ಮಿದುಳಿಗೆ ಕರೆಂಟ್ ಕೊಡುವ ಚಿಕಿತ್ಸೆ ಸೂಚಿಸಿದರೆ, ಅದನ್ನು ಅರಿವಳಿಕೆ ಇಲ್ಲದೆ ಕೊಡುವಂತಿಲ್ಲ; ಸಿನಿಮಾದಲ್ಲಿ ಕಂಡದ್ದನ್ನು ನೆನೆದು ಹೆದರಬೇಡಿ.

ಮನೆಯ ಮಾತು

‘ಸಾರಿಗೆ ವಿಷ ಹಾಕಿದ್ದೀಯ’ ಎಂದು ಮಗ ಹೇಳಿದಾಗ ‘ನಿನಗೇನು ತಲೆ ಕೆಟ್ಟಿದೆಯಾ?’ ಎಂದರೆ ಜಗಳ. ‘ಹೌದಪ್ಪಾ, ಹಾಕಿರಬಹುದು’ ಎಂದು ತಲೆಯಾಡಿಸಿದರೆ ಅನುಮಾನಕ್ಕೆ ಸಾಕ್ಷಿ ಸಿಕ್ಕಿತು. ‘ನನಗೆ ಹಾಗನ್ನಿಸುತ್ತಿಲ್ಲ. ಆದರೆ ನಿನಗೆ ಭಯವಾಗಿದೆ ಅಂತ ಗೊತ್ತಾಗ್ತಿದೆ. ಬಾ, ಇಬ್ಬರೂ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣೋಣ’ ಎಂದು ನೋಡಿ. ದನಿಯ ಬಗ್ಗೆ ವಾದಿಸದೆ, ಆ ದನಿಯಿಂದ ಆಗುತ್ತಿರುವ ಸಂಕಟಕ್ಕೆ ಕಿವಿಗೊಡಿ. ಒಮ್ಮೆಗೆ ಒಂದೇ ವಿಷಯ, ಚಿಕ್ಕ ಚಿಕ್ಕ ವಾಕ್ಯ.

ಸದಾ ಟೀಕೆ, ಹಗೆತನ ಅಥವಾ ಉಸಿರುಗಟ್ಟಿಸುವಷ್ಟು ಕಾಳಜಿ ಇರುವ ಮನೆಯಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ ಎಂದು ಲಂಡನ್ನಿನ ಅಧ್ಯಯನಗಳು ತೋರಿಸಿದ್ದವು. ಅಂಥದೇ ಅಧ್ಯಯನವನ್ನು ಚಂಡೀಗಢದಲ್ಲಿ ನಡೆಸಿದಾಗ ಭಾರತದ ಕುಟುಂಬಗಳಲ್ಲಿ ಅಂಥ ಟೀಕೆ ಅಲ್ಲಿಗಿಂತ ಕಡಿಮೆ ಇರುವುದು ಕಂಡಿತು. ನಮ್ಮ ಮನೆಗಳಿಗೆ ಇರುವ ಈ ತಾಳ್ಮೆಯೂ ಒಂದು ಚಿಕಿತ್ಸೆಯೇ. ‘ಎಷ್ಟು ಹೊತ್ತು ಮಲಗ್ತೀಯ’ ಎನ್ನುವ ಬದಲು ‘ಎಂಟಕ್ಕೆ ಹಾಲು ತರೋಕೆ ಜೊತೆಗೆ ಬಾ’ ಎನ್ನಿ.

ಕೈಮೀರಿದಾಗ

ಕಾಯಿಲೆ ಮರಳುವ ಮುನ್ನ ಬಹುತೇಕ ಸಲ ಸೂಚನೆ ಕೊಡುತ್ತದೆ: ನಿದ್ದೆ ಕೆಡುವುದು, ಹಳೇ ಅನುಮಾನ ಮತ್ತೆ ಮಾತಿನಲ್ಲಿ ಇಣುಕುವುದು, ಊಟ ಬಿಡುವುದು. ಈ ಸೂಚನೆಗಳು ಪ್ರತಿಯೊಬ್ಬರಿಗೂ ಬೇರೆ ಬೇರೆ, ಆದರೆ ಒಬ್ಬರಲ್ಲಿ ಪ್ರತಿಸಲ ಹೆಚ್ಚುಕಡಿಮೆ ಅವೇ ಬರುತ್ತವೆ. ಆರಾಮಾಗಿದ್ದಾಗ ಅವರನ್ನೇ ಕೂರಿಸಿಕೊಂಡು ಪಟ್ಟಿ ಮಾಡಿ, ಅವು ಕಂಡ ವಾರವೇ ವೈದ್ಯರನ್ನು ಕಾಣಿ.

ಸಾಯುವ ಮಾತು ಬಂದರೆ, ಅಥವಾ ‘ಹೀಗೆ ಮಾಡು’ ಎಂದು ದನಿಗಳು ಅಪ್ಪಣೆ ಕೊಡುತ್ತಿವೆ ಎಂದರೆ, ಮಂಗಳವಾರಕ್ಕೆ ಕಾಯಬೇಡಿ. ಕೀಟನಾಶಕ, ಹಗ್ಗ, ಹರಿತವಾದ ವಸ್ತುಗಳನ್ನು ದೂರವಿಡಿ, ಒಬ್ಬರು ಜೊತೆಗಿರಿ, 108ಕ್ಕೆ ಕರೆ ಮಾಡಿ. ಈ ಕಾಯಿಲೆಯವರಲ್ಲಿ ಆತ್ಮಹತ್ಯೆಯ ಅಪಾಯ ಸಾಮಾನ್ಯರಿಗಿಂತ ಬಹಳ ಹೆಚ್ಚು. ಅವರು ಇತರರನ್ನು ಹಿಂಸಿಸುವುದಕ್ಕಿಂತ ತಾವೇ ಹಿಂಸೆಗೆ ಒಳಗಾಗುವುದು ಹೆಚ್ಚು. ಯಾವ ನೋಂದಾಯಿತ ವೈದ್ಯರಾದರೂ ತುರ್ತು ಚಿಕಿತ್ಸೆ ಕೊಡಬಹುದು. ಕಾನೂನು ಅದಕ್ಕೆ 72 ಗಂಟೆಯವರೆಗೆ ಅವಕಾಶ ಕೊಟ್ಟಿದೆ. ಮನೆಬಿಟ್ಟು ಹೋದರೆ 112ಕ್ಕೆ ತಿಳಿಸಿ. ಅಲೆಯುತ್ತಿರುವ ಮಾನಸಿಕ ಅಸ್ವಸ್ಥರನ್ನು ರಕ್ಷಿಸಿ ಆಸ್ಪತ್ರೆಗೆ ಮುಟ್ಟಿಸುವುದು ಪೊಲೀಸರ ಕರ್ತವ್ಯ.

ಕಾಗದಪತ್ರ

ತನ್ನ ಪರವಾಗಿ ಯಾರು ತೀರ್ಮಾನ ತೆಗೆದುಕೊಳ್ಳಬೇಕು ಎಂಬುದನ್ನು ರೋಗಿಯೇ ಬಿಳಿಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು, ನಾಮನಿರ್ದೇಶಿತ ಪ್ರತಿನಿಧಿಯ ನೇಮಕವಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿದ್ದರೆ ಹಲವು ಸೌಲಭ್ಯಗಳಿವೆ, ಮಾಸಾಶನಕ್ಕೆ ನಾಡಕಚೇರಿಯಲ್ಲಿ ವಿಚಾರಿಸಿ. ಆರೋಗ್ಯ ವಿಮೆಯಲ್ಲಿ ದೇಹದ ಕಾಯಿಲೆಗೆ ಇರುವಂತೆಯೇ ಇದಕ್ಕೂ ರಕ್ಷಣೆ ಕೊಡಬೇಕೆಂದು ಕಾನೂನು ಹೇಳುತ್ತದೆ.

ಕೆಲಸ, ಮದುವೆ, ಮುಂದಿನ ದಿನಗಳು

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ಸ್ಥಳೀಯರ ನೆರವಿನಿಂದ ಸ್ಕಿಜೋಫ್ರೀನಿಯಾ ಇರುವವರನ್ನು ಹುಡುಕಿ, ಊರಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಳ ಕಾಲ ಅವರ ಬೆನ್ನಿಗೆ ನಿಂತಿದೆ. ಕಡಿಮೆ ಖರ್ಚಿನ ಔಷಧ, ಮನೆಯವರಿಗೆ ತಿಳಿವಳಿಕೆ, ಬರದಿದ್ದವರಿಗೆ ನೆನಪಿಸಿ ಕರೆಸುವುದು, ಇಷ್ಟರಿಂದಲೇ ಹಲವರು ಮತ್ತೆ ದುಡಿಮೆಗೆ ಮರಳಿದರು. ಹೊಲ, ದನಕರು, ಅಂಗಡಿ ಇರುವ ಮನೆಗಳಿಗೆ ಇದರಲ್ಲಿ ಅನುಕೂಲ ಹೆಚ್ಚು. ದಿನಕ್ಕೆ ಒಂದು ಗಂಟೆಯ ಕೆಲಸದಿಂದ ಶುರು ಮಾಡಿ, ಕೂಲಿಯನ್ನು ಅವರ ಕೈಗೇ ಕೊಡಿ. ಜಿಲ್ಲೆಗಳಲ್ಲಿ ‘ಮಾನಸಧಾರ’ ಹಗಲು ಆರೈಕೆ ಕೇಂದ್ರಗಳಿವೆ. ಬೆಂಗಳೂರಿನಲ್ಲಿ ರಿಚ್‌ಮಂಡ್ ಫೆಲೋಶಿಪ್, ಮೆಡಿಕೊ ಪ್ಯಾಸ್ಟೋರಲ್ ಅಸೋಸಿಯೇಷನ್ ಪುನರ್ವಸತಿ ಕೇಂದ್ರಗಳನ್ನು ನಡೆಸುತ್ತಿವೆ. ಆರೈಕೆ ಮಾಡುವ ಕುಟುಂಬಗಳದೇ ಆದ ‘ಅಮೆಂಡ್’ ಎಂಬ ಸಂಘ ಇದೆ.

‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬ ಮಾತಿನಿಂದ ಹಾಳಾದ ಬದುಕುಗಳಿಗೆ ಲೆಕ್ಕವಿಲ್ಲ. ಮದುವೆ ಚಿಕಿತ್ಸೆಯಲ್ಲ. ಚೇತರಿಸಿಕೊಂಡವರು ಮದುವೆಯಾಗಿ ಸಂಸಾರ ನಡೆಸುವುದು ಖಂಡಿತ ಸಾಧ್ಯ, ಆದರೆ ಸಂಬಂಧ ಬೆಳೆಸುವ ಮನೆಯವರಿಗೆ ಕಾಯಿಲೆಯ ವಿಷಯ ಮೊದಲೇ ಹೇಳಬೇಕು. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಮಾತ್ರೆಯನ್ನೂ ಮುಚ್ಚಿಟ್ಟೇ ನುಂಗಬೇಕಾಗುತ್ತದೆ, ಒಂದು ದಿನ ಅದು ನಿಂತೇಹೋಗುತ್ತದೆ. ಗರ್ಭ ಧರಿಸುವ ಯೋಚನೆ ಇದ್ದರೆ ವೈದ್ಯರೊಡನೆ ಮುಂಚೆಯೇ ಮಾತನಾಡಿ. ಗರ್ಭ ನಿಂತದ್ದು ಗೊತ್ತಾದ ದಿನ ಗಾಬರಿಯಿಂದ ಔಷಧ ನಿಲ್ಲಿಸಬೇಡಿ.

ಆರೈಕೆ ಮಾಡುವ ಅಮ್ಮನಿಗೋ ಹೆಂಡತಿಗೋ ವಾರಕ್ಕೆ ಅರ್ಧ ದಿನವಾದರೂ ಬಿಡುವು ಬೇಕು. ಅವರಿಗೆ ನಿದ್ದೆ ಬಾರದಿದ್ದರೆ, ಅಳು ಉಕ್ಕುತ್ತಿದ್ದರೆ, 14416 ಅವರಿಗೂ ಇದೆ. ‘ನಾವು ಹೋದ ಮೇಲೆ ಇವನನ್ನು ಯಾರು ನೋಡುತ್ತಾರೆ?’ ಎಂಬ ಪ್ರಶ್ನೆಗೆ ಇಂದೇ ಒಂದಿಷ್ಟು ಉತ್ತರ ಸಿದ್ಧಮಾಡಿ. ಅವನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದು ಹಣ ತೆಗೆಯುವುದನ್ನು ಅವನಿಗೇ ಕಲಿಸಿ. ಅಕ್ಕನೋ ತಮ್ಮನೋ ಒಂದು ಸಲವಾದರೂ ಅವನ ಜೊತೆ ವೈದ್ಯರ ಬಳಿ ಹೋಗಿ ಬರಲಿ. ಔಷಧದ ಹೆಸರು, ಪ್ರಮಾಣ, ಮರುಕಳಿಕೆಯ ಸೂಚನೆಗಳ ಪಟ್ಟಿ ಅವರ ಫೋನಿನಲ್ಲೂ ಇರಲಿ. ಅವನೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಮಾತ್ರೆ ತರುವಂತಾದರೆ, ಮೊದಲ ಕೆಲವು ಸಲ ಜೊತೆಗೆ ಹೋಗಿ, ಆಮೇಲೆ ಬಸ್ ನಿಲ್ದಾಣದವರೆಗೆ ಮಾತ್ರ ಬಿಟ್ಟುಬನ್ನಿ.